ಡಾಕ್ಟರ್ ವರ್ನಾಳ ಸೂಜಿ

ಹನ್ನೊಂದು ಸಲ ನನ್ನ ರಕ್ತ ತೆಗೆದುಕೊಂಡ ಡಾಕ್ಟರ್ ವರ್ನಾಳ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅಮೆರಿಕದ ಪಿಟ್ಸ್‌ಬರ್ಗಿನ ಆಕೆಯ ಪ್ರಯೋಗಾಲಯದಲ್ಲಿ ನಾನು ಇಲಿಗಳ ಪಂಜರ ತೊಳೆಯುವವನು. ಆಕೆ ಮದುವೆಗೆ ಕರೆದರೂ ಸೂಜಿ ಹಿಡಿದು ಬರುವ ಹೆಂಗಸು. ಕಾರಿಡಾರಿನಲ್ಲಿ ಕಂಡರೆ ಸಾಕು, "ಲೆರಾಯ್, ತೋಳು ಚಾಚು ಮಾರಾಯ, ತಾಜಾ ಕೋಶ ಬೇಕು!" ಎನ್ನುವಳು. ಯಾಕೆಂದು ಕೇಳಿದರೆ ಪಾಠ ಶುರು: "ಈ ಕೋಶದ ರಿಸೆಪ್ಟರ್ ನೋಡ್ಬೇಕು. ರಿಸೆಪ್ಟರ್ ಅಂದ್ರೆ ಕೋಶದ ಕೈ ಕಣೋ. ಆ ಕೈಯಿಂದ ರೋಗಾಣು ಹಿಡಿಯೋದೂ ಅದೇ ಕೋಶ, ರಕ್ತನಾಳದಲ್ಲಿ ಕೆಟ್ಟ ಕೊಬ್ಬು ಹಿಡಿದು ಊದಿಕೊಂಡು ದಾರಿ ಕಟ್ಟಿ ಕೂರೋದೂ ಅದೇ, ಪಾಪ." ಒಮ್ಮೆ ನಾನು ರೇಗಿದೆ: "ಪಾಪ ಅಂತೆ! ನಮ್ಮಪ್ಪನ ಎದೆ ನಿಲ್ಲಿಸಿದ್ದು ಅದೇ, ಡಾಕ್ಟ್ರೇ." ಆಕೆ ಸೂಜಿ ಕೆಳಗಿಟ್ಟಳು. "ನಮ್ಮಪ್ಪನದೂ," ಎಂದಳು. "ಸೋಮವಾರ ಬಾ, ನಿನ್ನ ಕೋಶಗಳನ್ನ ನಿನಗೇ ತೋರಿಸ್ತೀನಿ." ಭಾನುವಾರವೇ ಎದೆನೋವು ಆಕೆಯನ್ನೂ ಕೊಂಡೊಯ್ದಿತು. ಈಗಲೂ ಆ ಕಾರಿಡಾರಿಗೆ ಬಂದಾಗ ನಾನು ಅಂಗಿಯ ತೋಳು ಮಡಚಿಕೊಳ್ಳುತ್ತೇನೆ. ನನ್ನ ಕೋಶಗಳನ್ನು ತೋರಿಸುವ ಬಾಕಿ ಆಕೆಯ ಮೇಲೆ ಹಾಗೆಯೇ ಇದೆ.