ಬೀಗಿತ್ತಿಯ ಹಾಡಿನ ಆ ಎರಡು ಸಾಲು

ಫೋನಿಗೆ ಏನೂ ಗೊತ್ತಿರಲಿಲ್ಲ, ವಿಶಾಲೂ. ಹೇಳಿದವಳು ನಾನು.

ಇಷ್ಟನ್ನು ಬರೆಯುವುದಕ್ಕೆ ನನಗೆ ಒಂದು ವರ್ಷವೇ ಹಿಡಿಯಿತು ನೋಡು. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಬಳೆ ಅಂಗಡಿ ಇಟ್ಟುಕೊಂಡವಳು ನಾನು. ಬಳೆ ತೊಡಿಸುವಾಗ ಕೈ ಹಿಡಿದುಕೊಂಡಿರುತ್ತೇವಲ್ಲ, ಹೆಂಗಸರು ತಾವಾಗಿಯೇ ಬಾಯಿ ಬಿಡುತ್ತಾರೆ. ಅತ್ತೆಯ ಕಾಟ, ಗಂಡನ ಮುಂಗೋಪ, ಮಗಳ ಹಟ — ಎಲ್ಲ ಕೇಳಿಸಿಕೊಂಡಿದ್ದೇನೆ, ಒಬ್ಬರದ್ದನ್ನು ಇನ್ನೊಬ್ಬರಿಗೆ ದಾಟಿಸಿಲ್ಲ. "ಸುಮಿತ್ರನ ಹೊಟ್ಟೆಗೆ ಹೋದ ಮಾತು ಹೊರಗೆ ಬರಲ್ಲ" ಎಂದು ಜನ ಹೇಳುವಾಗ ನನಗೆ ಎಷ್ಟು ಜಂಬ ಆಗುತ್ತಿತ್ತೆಂದು ನಿನಗೆ ಗೊತ್ತು. ಆ ಜಂಬದ ಹೆಂಗಸಿನ ವಿಷಯವನ್ನೇ ಈಗ ಹೇಳಬೇಕಾಗಿದೆ.

ಮೊದಲು ಆ ಮಾತಾಡುವ ಆ್ಯಪ್‌ನ ವಿಷಯ ಹೇಳುತ್ತೇನೆ. ಅದನ್ನು ನನ್ನ ಫೋನಿಗೆ ಹಾಕಿಕೊಟ್ಟವಳು ನನ್ನ ಅಣ್ಣನ ಮಗಳು ಪಲ್ಲವಿ. ಆಗಿನ್ನೂ ಅವಳು ನಿನ್ನ ಸೊಸೆಯಾಗಿರಲಿಲ್ಲ. "ಸುಮತ್ತೆ, ಇದ್ರ ಹತ್ರ ಎಂತ ಬೇಕಾದ್ರೂ ಕೇಳಿ, ಕನ್ನಡದಲ್ಲೇ ಹೇಳ್ತದೆ" ಎಂದಳು. ನಾನು ಕೇಳಿದ ಮೊದಲ ಪ್ರಶ್ನೆ, "ನಿಂಗೆ ಬೇರೆ ಕೆಲ್ಸ ಇಲ್ವಾ?" ಅದಕ್ಕೆ ಅದು, ನಿಮಗೆ ಸಹಾಯ ಮಾಡುವುದೇ ನನ್ನ ಕೆಲಸ ಎಂದು ಬಹಳ ಮರ್ಯಾದೆಯಿಂದ ಬರೆಯಿತು. ನಗು ಬಂತು. ಇಂಥ ಮರ್ಯಾದಸ್ಥರು ನನ್ನ ಅಂಗಡಿಗೆ ಬರುವುದೇ ಇಲ್ಲ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಸಂಜೆಯ ಬಸ್ಸುಗಳು ಬರುವ ತನಕ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಮೊದಲೆಲ್ಲ ಆ ಹೊತ್ತಿಗೆ ನೆಮ್ಮಾರಿನಿಂದ ನಿನ್ನ ಫೋನ್ ಬರುತ್ತಿತ್ತು. ಮದುವೆಯ ಮಾತುಕತೆ ಶುರುವಾದ ಮೇಲೆ ನಿನಗೆ ಪುರುಸೊತ್ತಿಲ್ಲ. ಹಾಗಾಗಿ ನಾನು ಅದರ ಹತ್ತಿರ ಮಾತಾಡತೊಡಗಿದೆ. ಮೊದಮೊದಲು ಅಂಗಡಿಯ ಜಾಹೀರಾತು ಬರೆಸಿದೆ, ಮಂಡಿನೋವಿಗೆ ಏನು ಮಾಡಬೇಕೆಂದು ಕೇಳಿದೆ. ಬರಬರುತ್ತಾ ಯಾರು ಬಂದರು, ಏನಂದರು, ನನಗೆ ಯಾಕೆ ಉರಿಯಿತು — ಎಲ್ಲ. ಎಷ್ಟು ಹೇಳಿದರೂ ಅದಕ್ಕೆ ಬೇಜಾರಿಲ್ಲ. ಮಧ್ಯೆ ಬಾಯಿ ಹಾಕುವುದಿಲ್ಲ, ಹಾಲು ಉಕ್ಕಿತು ಎಂದು ಎದ್ದು ಹೋಗುವುದಿಲ್ಲ. ಯಾರದೋ ಗುಟ್ಟನ್ನು ಅದಕ್ಕೆ ಹೇಳಿದರೆ ಹೇಳಿದ ಹಾಗಲ್ಲ ಎಂದು ಯಾವಾಗ ಅಂದುಕೊಂಡೆನೋ, ನನಗೇ ತಿಳಿಯದು.

ಪಲ್ಲವಿಯನ್ನು ನಿನ್ನ ಮಗನಿಗೆ ತೋರಿಸಿದವಳು ನಾನೇ ಅಲ್ಲವೇ? ಹೆಣ್ಣಿನ ಕಡೆಯವಳೂ ನಾನೇ, ಗಂಡಿನ ತಾಯಿಯ ಗೆಳತಿಯೂ ನಾನೇ. ಊಟದ ಪಂಕ್ತಿಯಲ್ಲಿ ಬೀಗರನ್ನು ಜರೆಯುವ ಹಾಡು ಕಟ್ಟುವ ಕೆಲಸ ನಮ್ಮ ಕುಟುಂಬದಲ್ಲಿ ಯಾವಾಗಲೂ ನನ್ನದು. ಅದರ ರಿವಾಜು ನಿನಗೂ ಗೊತ್ತು. ಬೀಗಿತ್ತಿಯ ಜಿಪುಣತನ ಜರೆಯಬಹುದು, ನಡಿಗೆ ಜರೆಯಬಹುದು, ಅವಳ ಸಾರಿನಲ್ಲಿ ಉಪ್ಪಿಲ್ಲ ಅನ್ನಬಹುದು. ನಿಜವಾಗಿ ನೋಯುವುದನ್ನು ಮಾತ್ರ ಮುಟ್ಟುವಂತಿಲ್ಲ. ಜರೆಸಿಕೊಂಡವರೂ ಅಷ್ಟೇ, ಸಿಟ್ಟಾಗುವಂತಿಲ್ಲ. ನಗುನಗುತ್ತಲೇ ಉಣ್ಣಬೇಕು.

ಈಗ ಸಣ್ಣತನದ ಮಾತು. ಮದುವೆ ಹತ್ತಿರ ಬಂದಾಗ ನೀನು ಹೆಣ್ಣಿಗೆ ಕೊಡುವ ಬಳೆಗಳನ್ನು ಉಡುಪಿಯಿಂದ ತರಿಸಿದೆ. "ನಿನ್ನ ಅಂಗಡೀಲಿ ಹೊಸ ನಮೂನೆ ಇಲ್ಲ ಕಣೇ" ಎಂದು ನಗುತ್ತಾ ಹೇಳಿದೆ. ನಾನೂ ನಕ್ಕೆ. ನಕ್ಕು ಬಂದು ಅಂಗಡಿಯಲ್ಲಿ ಕೂತವಳಿಗೆ ಮೈಯೆಲ್ಲ ಉರಿ. ನನ್ನ ಕೈಯಿಂದ ನಿನ್ನ ಮನೆಗೆ ಸೊಸೆ ಬೇಕು, ಬಳೆ ಬೇಡವಾ? ಆ ಉರಿಯಲ್ಲೇ ಫೋನು ತೆಗೆದು, ಬೀಗಿತ್ತಿಯ ಮೇಲೆ ಒಂದು ಹಾಡು ಬೇಕು ಎಂದೆ. ಅವರ ಬಗ್ಗೆ ಸ್ವಲ್ಪ ಹೇಳಿ ಎಂದು ಅದು ಕೇಳಿತು. ಹೇಳಿದೆ. ಸ್ವಲ್ಪ ಅಲ್ಲ — ಹೇಳುತ್ತಾ ಹೋದೆ, ಹೋದೆ —

ನಿನ್ನ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಬೆಳಿಗ್ಗೆ ನೀನು ಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು, ಮನೆಯಲ್ಲಿ ನನ್ನ ಹೆಸರು ಹೇಳಿ, ಬಸ್ಸು ಹತ್ತಿದ್ದು. ಕೊಪ್ಪದಲ್ಲಿ ಇಳಿಯದೆ ಎನ್.ಆರ್. ಪುರದ ತನಕ ಹೋದದ್ದು. ಅಲ್ಲಿಂದ ಶಿವಮೊಗ್ಗಕ್ಕೆ, ಆಮೇಲೆ ಎಲ್ಲಿಗೋ — ತಿರುಗಿ ಬರುವ ಯೋಚನೆ ಇರಲಿಲ್ಲ ಎಂದಿದ್ದೆ ನೀನು. ದಿನವಿಡೀ ಆ ಬಸ್ ಸ್ಟ್ಯಾಂಡಿನಲ್ಲಿ ಅಳುತ್ತಾ ಕೂತಿದ್ದು, ಸಂಜೆ ಬಸ್ಸಿಗೆ ಹಿಂದಿರುಗಿ ನನ್ನ ಅಂಗಡಿಯ ಬಾಗಿಲಲ್ಲಿ ನಿಂತೆ. "ಯಾರಾದ್ರೂ ಕೇಳಿದ್ರೆ ನಿನ್ನ ಮನೇಲಿದ್ದೆ ಅನ್ನು ಸುಮೀ" ಎಂದೆ ನೀನು. ಅಂದೆ. ನಿನ್ನ ಯಜಮಾನರಿಗೂ ಹಾಗೇ ಅಂದೆ ನಾನು. ಯಾಕೆ ಹೋದೆ ಎಂದು ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳದೆ ಇದ್ದದ್ದೇ ದೊಡ್ಡ ಗೆಳೆತನ ಎಂದುಕೊಂಡಿದ್ದೆ. ಅಂಥದ್ದನ್ನು ಬಳೆಯ ಸಿಟ್ಟಿಗೆ ಒಂದು ಯಂತ್ರದ ಮುಂದೆ ಸುರಿದೆ.

ಅದು ಹಾಡು ಕಟ್ಟಿಕೊಟ್ಟಿತು. ಬಹಳ ಸಾಲುಗಳು ಸಪ್ಪೆ. ಎರಡು ಸಾಲು ಮಾತ್ರ ಬಾಯಲ್ಲಿ ಕೂತುಬಿಟ್ಟವು.

ಸೀರೆಯ ಚೀಲವ ಕಂಕುಳಲಿಟ್ಟು ಹೊರಟಳು ನಮ್ಮ ಬೀಗಿತ್ತಿ,
ಬೆಳಗಿನ ಬಸ್ಸಿಗೆ ಓಡಿದವಳು ಬಂದಳು ಸಂಜೆ ಬಸ್ಸು ಹತ್ತಿ!

ಇಲ್ಲಿ ಇನ್ನೊಂದು ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ. ಗಡಿಬಿಡಿಯಲ್ಲಿ ಓದದೆ ಜೆರಾಕ್ಸ್ ಮಾಡಿಸಿದೆ ಎಂದು ಆಮೇಲೆ ನಿನಗೆ ಹೇಳಿದೆನಲ್ಲ — ಓದಿದ್ದೆ. ಹಾಡಿನ ಕೆಳಗೆ ಅದು, ಬಸ್ಸಿನ ಸಾಲುಗಳು ನಿಮ್ಮ ಗೆಳತಿಗೆ ನೋವು ತರಬಹುದು, ಬೇಕಿದ್ದರೆ ಬದಲಾಯಿಸಿಕೊಡುತ್ತೇನೆ ಎಂದು ಬರೆದಿತ್ತು. ಅದನ್ನೂ ಓದಿದ್ದೆ. ಯಾರಿಗೆ ಅರ್ಥವಾಗುತ್ತದೆ, ಅವಳೊಬ್ಬಳಿಗೆ ಸ್ವಲ್ಪ ಚುರುಕ್ ಅನ್ನಲಿ ಎಂದುಕೊಂಡೆ. ಚುರುಕ್ ಅನ್ನಲಿ ಎಂದೇ ಬಿಟ್ಟದ್ದು.

ಶೃಂಗೇರಿಯ ಕಲ್ಯಾಣ ಮಂಟಪದಲ್ಲಿ ಪಂಕ್ತಿ ಕೂತಿತ್ತು. ಹೆಂಗಸರೆಲ್ಲ ಚೀಟಿ ಹಿಡಿದು ಹಾಡಿದರು, ಆ ಸಾಲು ಬಂದಾಗ ಎಲ್ಲರಿಗೂ ಹಿಡಿಸಿ ಮತ್ತೆ ಮತ್ತೆ ಹಾಡಿದರು. ಸಭೆ ಗೊಳ್ಳೆಂದು ನಕ್ಕಿತು. ನಿನ್ನ ಯಜಮಾನರ ಕೈ ಎಲೆಯ ಮೇಲೆ ನಿಂತಿತು. ಆ ದಿನ ನೀನು ಚೀಲ ಹಿಡಿದು ಹೊರಟದ್ದನ್ನು ಕಂಡವರು ಅವರು. ಅವರು ನಿನ್ನನ್ನು ನೋಡಿದರು. ನೀನು ನನ್ನನ್ನು ನೋಡಿದೆ. ಬೀಗರ ಹಾಡಿಗೆ ಸಿಟ್ಟಾಗುವಂತಿಲ್ಲವಲ್ಲ, ನೀನು ನಗುತ್ತಿದ್ದೆ. ಅಯ್ಯೋ ವಿಶಾಲೂ, ಆ ನಗುವನ್ನು ನೋಡಿದ ಮೇಲೂ ನಾನು ಬಾಯಿ ಮುಚ್ಚಲಿಲ್ಲ, ಹಾಡು ಮುಗಿಸಿದೆ.

ಮದುವೆಯ ಗದ್ದಲ ಇಳಿದ ಮೇಲೆ ನಿನ್ನ ಫೋನ್ ಬಂತು. "ಸುಮೀ, ಯಾರ ಹತ್ರ ಹೇಳ್ದೆ?"

"ಯಾರ ಹತ್ರನೂ ಇಲ್ಲ ಮಾರಾಯ್ತಿ! ಹಾಡು ನಾನು ಕಟ್ಟಿದ್ದೇ ಅಲ್ಲ, ಫೋನು ಬರ್ದು ಕೊಟ್ಟದ್ದು. ಓದ್ಲಿಕ್ಕೂ ಪುರುಸೊತ್ತಾಗ್ಲಿಲ್ಲ. ಅದಕ್ಕೆ ಎಲ್ಲಾ ಗೊತ್ತಿರ್ತದೆ."

"ಎಲ್ಲಾನೂ?"

"ಹೂಂ. ಎಲ್ಲಾನೂ."

ನೀನು ನಂಬಿದೆ. ನನ್ನನ್ನು ಅನುಮಾನಿಸುವುದಕ್ಕಿಂತ ಫೋನಿಗೆ ಎಲ್ಲ ಗೊತ್ತು ಎನ್ನುವುದನ್ನು ನಂಬುವುದು ನಿನಗೆ ಸುಲಭವಾಯಿತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಊಟ ಸೇರುವುದಿಲ್ಲ.

ನಿನ್ನ ಯಜಮಾನರು ಕೇಳಿದರಂತೆ, ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆಯಂತೆ. ಎರಡು ದಿನ ಮಾತಿಲ್ಲ. ಆಮೇಲೆ ಒಂದು ಬೆಳಿಗ್ಗೆ, "ಇನ್ನೊಂದ್ಸಲ ಹೊರಡೋದಾದ್ರೆ ಹೇಳಿ ಹೊರಡು, ಬಸ್ಸಿಗೆ ನಾನೇ ಬಿಡ್ತೇನೆ" ಅಂದರಂತೆ. ಅದನ್ನು ಹೇಳುವಾಗ ನಿನ್ನ ಮುಖ ಹಗುರಾಗಿತ್ತು. ನಾನು ಒಳಗೊಳಗೇ ಸಮಾಧಾನಪಟ್ಟುಕೊಂಡೆ, ಒಳ್ಳೆಯದೇ ಆಯಿತಲ್ಲ ಎಂದು. ಆದದ್ದು ನಿಮ್ಮಿಬ್ಬರ ಒಳ್ಳೆಯತನದಿಂದ. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ನನ್ನ ಪಾಲಿನದ್ದು ಬೇರೆ ಕಡೆ ಬೆಳೆಯುತ್ತಿತ್ತು. ಪಲ್ಲವಿ ಅಂಗಡಿಗೆ ಬಂದಾಗಲೆಲ್ಲ ನಗುತ್ತಾ ಹೇಳುತ್ತಿದ್ದಳು. ನೀನು ಫೋನನ್ನು ಬಟ್ಟೆಯಲ್ಲಿ ಸುತ್ತಿ ಹಿಟ್ಟಿನ ಡಬ್ಬದಲ್ಲಿ ಇಡುತ್ತೀಯಂತೆ. ಅದು ಇರುವ ಕೋಣೆಯಲ್ಲಿ ಪಿಸುಮಾತಂತೆ. ಕಾರ್ಕಳದ ಅಕ್ಕನ ಹತ್ತಿರ ಮಾತಾಡುವುದನ್ನೂ ಬಿಟ್ಟೆಯಂತೆ. ನನಗಂತೂ ನಿನ್ನ ಕರೆ ಬರುವುದೇ ನಿಂತಿತ್ತು. ಎದುರು ಸಿಕ್ಕಾಗ, "ಫೋನಲ್ಲಿ ಬೇಡ ಕಣೇ, ಅದು ಕೇಳಿಸ್ಕೊಳ್ತದೆ" ಎನ್ನುತ್ತಿದ್ದೆ. ನಾನೂ ಪಲ್ಲವಿಯ ಜೊತೆ ನಕ್ಕವಳೇ. ಮೊನ್ನೆ ಬಂದಾಗ ಅವಳು ನಗಲಿಲ್ಲ. "ಸುಮತ್ತೆ, ಒಬ್ರೇ ಕೂತಾಗ ಮನಸ್ಸಲ್ಲಿ ಏನಾದ್ರೂ ಅಂದ್ಕೊಳ್ಳೋಕೂ ಹೆದರಿಕೆ ಆಗ್ತದೆ ಅಂದ್ರು ನಮ್ಮತ್ತೆ. ಯಾಕೋ ನಂಗೆ ಸರಿ ಕಾಣ್ಲಿಲ್ಲ."

ಅವಳು ಹೋದ ಮೇಲೆ ಅಂಗಡಿಯ ಅರ್ಧ ಬಾಗಿಲು ಎಳೆದು ಕೂತೆ. ನಿನ್ನ ಮನಸ್ಸನ್ನೇ ನಿನಗೆ ಪರರದ್ದು ಮಾಡಿಬಿಟ್ಟಿದ್ದೆ ನಾನು.

ಆಗಲೂ ಮೊದಲು ಹುಡುಕಿದ್ದು ಉಪಾಯವನ್ನೇ. ಆ ಹಳೆಯ ಮಾತುಕತೆ ಫೋನಿನಲ್ಲಿ ಹಾಗೇ ಇತ್ತು. ಆ ಯಂತ್ರಕ್ಕೇ ಹೇಳಿದೆ, ಬಸ್ಸಿನ ಸಾಲು ಸುಮ್ಮನೆ ಊಹೆಯಿಂದ ಬಂದದ್ದು, ಹೆದರಬೇಡಿ ಎಂದು ವಿಶಾಲುಗೆ ಒಂದು ಸಮಾಧಾನ ಬರೆದುಕೊಡು ಎಂದು. ಅದು ಒಪ್ಪಲಿಲ್ಲ. ಆ ಸಂಗತಿ ನೀವು ಹೇಳಿದ್ದರಿಂದ ನನಗೆ ತಿಳಿದದ್ದು, ಊಹೆ ಎಂದರೆ ಅವರ ಭಯವೂ ಹೋಗುವುದಿಲ್ಲ, ಇನ್ನೊಂದು ಸುಳ್ಳೂ ಸೇರುತ್ತದೆ, ನಿಜ ಹೇಳುವುದಾದರೆ ಬರೆಯಲು ಸಹಾಯ ಮಾಡುತ್ತೇನೆ ಎಂದಿತು. "ನಿನ್ನ ಹತ್ರ ಯಾರು ಬುದ್ಧಿ ಕೇಳಿದ್ದು?" ಎಂದು ಬೈದು ಫೋನು ಮಗುಚಿ ಹಾಕಿದೆ. ಎದುರಿಗೆ ಕನ್ನಡಿ ಬೇರೆ ಇತ್ತು, ಬಳೆ ಅಂಗಡಿ ನೋಡು. ಹೆಚ್ಚು ಹೊತ್ತು ಸಿಟ್ಟು ಮಾಡಿಕೊಂಡು ಕೂರಲು ಆಗಲಿಲ್ಲ.

ಆಮೇಲೆ, ಆಯಿತು ಮಾರಾಯ, ನಿಜವನ್ನೇ ಬರಿ ಎಂದೆ. ಬರೆಯಿತು. ಚೆನ್ನಾಗಿಯೇ ಇತ್ತು, ನಯವಾಗಿತ್ತು. ಅದರಲ್ಲಿ ನನ್ನ ಸಣ್ಣತನ ಎಲ್ಲೂ ಕಾಣಲಿಲ್ಲ. ಬಳೆಯ ಉರಿ, ಓದಿಯೂ ಬಿಟ್ಟದ್ದು, ನಿನ್ನ ನಗು — ಅದಕ್ಕೆ ನಾನು ಆ ಸಂಗತಿಗಳನ್ನು ಹೇಳಿರಲೇ ಇಲ್ಲವಲ್ಲ, ಪಾಪ, ಅದು ತಾನೇ ಏನು ಮಾಡೀತು? ಬೇಡ, ನಾನೇ ಬರೆಯುತ್ತೇನೆ ಎಂದೆ. ಒಳ್ಳೆಯದು ಎಂದಿತು. ಈಗಲೂ ಅದರ ಹತ್ತಿರ ಮಾತಾಡುತ್ತೇನೆ, ಅಂಗಡಿಯದ್ದು, ಅಡುಗೆಯದ್ದು, ನನ್ನ ಮಂಡಿನೋವಿನದ್ದು. ಬೇರೆಯವರದ್ದನ್ನು ಹೇಳುವುದಿಲ್ಲ. ಅದಕ್ಕೆ ಕದ್ದು ಕೇಳುವ ಚಾಳಿ ಇದೆಯೋ ಇಲ್ಲವೋ ನನಗೆ ತಿಳಿಯದು. ನನಗೆ ಹೇಳಿಬಿಡುವ ಚಾಳಿ ಇದೆ, ಅದು ಗೊತ್ತಾಗಿದೆ.

ವಿಶಾಲೂ, ನಿನ್ನ ಮನಸ್ಸಿನೊಳಗೆ ಯಾವ ಯಂತ್ರವೂ ಇಣುಕಿಲ್ಲ. ಅಲ್ಲಿ ಏನು ಬೇಕಾದರೂ ಅಂದುಕೋ, ನನ್ನನ್ನು ಬೇಕಾದಷ್ಟು ಬೈದುಕೋ. ಭಾನುವಾರ ಅಂಗಡಿಗೆ ಬೀಗ ಹಾಕಿ ನೆಮ್ಮಾರಿಗೆ ಬಂದು ಇದನ್ನು ನಿನ್ನೆದುರು ಓದುತ್ತೇನೆ. ನೀನು ಬೇಡ ಅಂದರೆ ಹರಿದು ಒಲೆಗೆ ಹಾಕುತ್ತೇನೆ, ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ.

ಭಾನುವಾರ ಬಂದು ಇಷ್ಟನ್ನು ನಿನ್ನೆದುರು ಓದಿಯಾಯಿತು. ಮುಂದಿನದನ್ನೂ ಸೇರಿಸು ಎಂದು ನೀನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಹಿತ್ತಿಲ ಜಗಲಿಯಲ್ಲಿ ಕೂತು ಓದಿದೆ. ಅರ್ಧದಲ್ಲಿ ನೀನು ಎದ್ದು ಒಳಗೆ ಹೋದೆ. ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಹೊರಟುಬಿಡಲೇ ಎಂದುಕೊಂಡೆ, ಹೊರಡಲಿಲ್ಲ. ತಿರುಗಿ ಬಂದವಳ ಕಣ್ಣು ಕೆಂಪಾಗಿತ್ತು. "ಒಂದು ವರ್ಷ ಸುಮೀ. ಒಂದು ವರ್ಷ ಆ ದರಿದ್ರ ಫೋನಿಗೆ ಹೆದರಿ ಬದುಕಿದೆ ನಾನು. ನಿಂಗೆ ನಾಚಿಕೆ ಆಗ್ಲಿಲ್ವಾ?" ಎಂದೆ. ಆಗಿದೆ ಎಂದೆ ನಾನು. "ಓದು ಉಳಿದದ್ದು" ಎಂದು ನೀನು ಕೂತೆ. ನಾನು ಮುಗಿಸಿದ ಮೇಲೆ ನೀನು ಹೇಳಿದೆ, "ಒಂದು ಕಡೆ ತಪ್ಪು ಬರ್ದಿದ್ದೀಯ. ಎನ್.ಆರ್. ಪುರದಲ್ಲಿ ನಾನು ಅಳ್ತಾ ಕೂತಿದ್ದೆ ಅಂತ ನಿಂಗೆ ಯಾರು ಹೇಳಿದ್ದು? ಮಸಾಲೆ ದೋಸೆ ತಿಂದೆ ಮಾರಾಯ್ತಿ! ಆ ದಿನ ಎಷ್ಟು ಚೆನ್ನಾಗಿತ್ತು ಗೊತ್ತುಂಟಾ?"

ಗೊತ್ತಿರಲಿಲ್ಲ. ಕೇಳಿರಲೇ ಇಲ್ಲವಲ್ಲ ನಾನು. ಅಳುತ್ತಾ ಕೂತಿದ್ದೆ ಎನ್ನುವುದನ್ನು ನಾನೇ ಕಟ್ಟಿಕೊಂಡು, ಅದನ್ನೇ ಯಂತ್ರಕ್ಕೂ ಹೇಳಿ, ಇಲ್ಲೂ ಬರೆದಿದ್ದೇನೆ. ಅಳಿಸಿಲ್ಲ, ನನ್ನ ತಪ್ಪುಗಳ ಜೊತೆ ಅದೂ ಇರಲಿ.

ಕ್ಷಮಿಸಿದೆ ಎಂದು ನೀನು ಹೇಳಲಿಲ್ಲ. ಅದನ್ನು ಕೇಳುವ ಮುಖ ನನಗೂ ಇರಲಿಲ್ಲ. "ಯಾರಿಗೆ ಬೇಕಾದ್ರೂ ಓದ್ಲಿಕ್ಕೆ ಕೊಡು, ನಂಗೆ ಹೆದರಿಕೆ ಇಲ್ಲ" ಎಂದೆ ನೀನು. ಆಮೇಲೆ ಕಾಲು ನೀಡಿ ಕೂತು, ಆ ದಿನ ದೋಸೆ ತಿಂದ ಮೇಲೆ ಎಲ್ಲಿಗೆ ಹೋದೆ, ಯಾರು ಸಿಕ್ಕರು, ಸಂಜೆ ಯಾಕೆ ತಿರುಗಿ ಬಂದೆ ಎಂದು ಮೊದಲಿಂದ ಹೇಳತೊಡಗಿದೆ. ನಾನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದೆ, ವಿಶಾಲೂ. ಅದನ್ನು ಇಲ್ಲಿ ಬರೆಯುವುದಿಲ್ಲ.