ಹಗ್ಗ ಹಿಡಿದು ಕಡಲಿಗೆ ಹೋದೆವು

ಡಿಸೆಂಬರ್ ಕೊನೆಯ ವಾರ ಶಿಡ್ಲಘಟ್ಟದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ನಮ್ಮ ಅತ್ತೆ ಸ್ವೆಟರ್ ಮೇಲೆ ಕಂಬಳಿ ಹೊದ್ದಿದ್ದರು. ಮಗಳು ಕಾವ್ಯ ಬಾಯಿಂದ ಹೊಗೆ ಬಿಡುವ ಆಟದಲ್ಲಿದ್ದಳು. ನಮ್ಮ ಯಜಮಾನರು ವೆಂಕಟೇಶ್ ಮಾತ್ರ ತೆಳು ಅಂಗಿ ತೊಟ್ಟು, "ನಾಳೆ ಈ ಹೊತ್ಗೆ ಬೆವರ್ತಾ ಇರ್ತೀರಿ, ನೋಡ್ತಿರಿ" ಎಂದು ನಗುತ್ತಿದ್ದರು. ನಾವು ಹೊರಟದ್ದು ಗೋಕರ್ಣಕ್ಕೆ, ಸಮುದ್ರ ನೋಡಲು. ನೋಡಲು ಎಂದು ನಾನಂದುಕೊಂಡಿದ್ದೆ. ಇವರ ತಲೆಯಲ್ಲಿದ್ದದ್ದು ಇಳಿಯುವುದು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಇರುವಾಗ ಊರು ಬಿಡುವಂತಿಲ್ಲ. ಗೂಡು ಮಾರಿ, ಹುಳು ಮನೆಗೆ ಔಷಧಿ ಹೊಡೆದು ಬಾಗಿಲು ಹಾಕಿದ ಮೇಲೆ, ಮುಂದಿನ ಮರಿ ತರುವ ತನಕ ಸಿಗುವುದೇ ನಮಗೆ ರಜ. ಅದು ಕಾವ್ಯಳ ಶಾಲೆಯ ಕ್ರಿಸ್‌ಮಸ್ ರಜೆಯ ಜತೆ ಕೂಡಿ ಬಂದದ್ದು ಅದೇ ಮೊದಲು. "ಈ ಚಳೀಲಿ ಇಲ್ಲಿ ಮುದುಡ್ಕೊಂಡು ಕೂರೋದ್ಯಾಕೆ? ಮಗೂಗೆ ಈಜು ಕಲಿಸ್ತೀನಿ. ಸ್ವಲ್ಪ ಧೈರ್ಯ ಬರ್ಲಿ" ಎಂದು ಇವರು ಹೊರಡಿಸಿಬಿಟ್ಟರು.

ಇವರು ನಮ್ಮ ಹಳ್ಳಿಯಲ್ಲಿ ಹೆಸರಾಂತ ಈಜುಗಾರರು. ಹುಡುಗರಾಗಿದ್ದಾಗ ಹೊಲದ ಬಾವಿಗೆ ಪಂಪಿನ ಮನೆಯ ಮೇಲಿಂದ ಹಾರಿ, ತಳದ ಮಣ್ಣು ತಂದು ತೋರಿಸುತ್ತಿದ್ದರಂತೆ. ಬೋರ್‌ವೆಲ್‌ಗಳು ಬಂದ ಮೇಲೆ ಆ ಬಾವಿ ಬತ್ತಿತು. ಈಗ ಒಳಗೆ ಜಾಲಿ ಬೆಳೆದಿದೆ. ಮಗಳು ಅದರಲ್ಲಿ ನೀರು ಕಂಡೇ ಇಲ್ಲ.

ಆ ಬಾವಿಯ ಹಗ್ಗವೊಂದು ಮನೆಯಲ್ಲಿ ಉಳಿದಿತ್ತು. ಗೂಡಿನ ಚೀಲ ಕಟ್ಟಲು ಬಳಸುತ್ತಿದ್ದೆವು. ನಾನದನ್ನು ಬ್ಯಾಗಿಗೆ ತುರುಕುವುದು ಕಂಡು ಇವರು, "ಹಗ್ಗ ಯಾಕೇ? ಸಮುದ್ರದಲ್ಲಿ ನೀರು ಸೇದ್ತೀಯಾ?" ಎಂದರು. ಅತ್ತೆಯೂ ನಕ್ಕರು. ನಗಲಿ ಎಂದು ಇನ್ನೂ ಒಳಕ್ಕೆ ತುರುಕಿದೆ.

ನನಗೆ ನೀರೆಂದರೆ ಭಯ. ನನ್ನ ತವರು ಚಿಂತಾಮಣಿ ಹತ್ತಿರ. ಅಪ್ಪ ನನ್ನ ತಮ್ಮಂದಿರಿಗೆ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆ, ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಬಿಡುತ್ತಿದ್ದರು. ಹುಡುಗ ಯಾವ ಕಡೆ ಹೋದರೆ ಆ ಕಡೆ ತಾವೂ ಹಗ್ಗ ಹಿಡಿದು ಬಾವಿಯ ಕಟ್ಟೆಯ ಮೇಲೆ ಸುತ್ತುತ್ತಿದ್ದರು. "ಎಳೀಬಾರ್ದು, ಎಳೆದ್ರೆ ನೀರು ಕುಡೀತಾನೆ. ಜತೇಲೇ ನಡೀಬೇಕು" ಅನ್ನುತ್ತಿದ್ದರು. ಹೆಣ್ಣುಮಕ್ಕಳನ್ನು ಇಳಿಸುತ್ತಿರಲಿಲ್ಲ. ಒಂದು ಬೇಸಿಗೆ, ನನ್ನ ಜತೆ ಕುಂಟೆಬಿಲ್ಲೆ ಆಡುತ್ತಿದ್ದ ನಾಗರತ್ನ ಯಾರಿಗೂ ಹೇಳದೆ ಒಬ್ಬಳೇ ಇಳಿದಳು. ಅವಳನ್ನು ಮೇಲೆ ತಂದು ಮಲಗಿಸಿದಾಗ ಲಂಗದಿಂದ ನೀರು ಸುರಿಯುತ್ತಲೇ ಇತ್ತು. ಅಂದಿನಿಂದ ನಾನು ಯಾವ ಬಾವಿಯ ಹತ್ತಿರವೂ ಸುಳಿದಿಲ್ಲ.

ಬೆಂಗಳೂರಿನಲ್ಲಿ ಗೋಕರ್ಣದ ಬಸ್ಸು ಹಿಡಿದು, ಮರುದಿನ ಬೆಳಿಗ್ಗೆ ಇಳಿದೆವು. ಇವರು ಹೇಳಿದ್ದು ಸುಳ್ಳಾಗಲಿಲ್ಲ. ತಿಂಡಿ ಮುಗಿಯುವಷ್ಟರಲ್ಲಿ ಬೆವರು ಹರಿಯಿತು. ನಮ್ಮ ಕಡೆಯವರು ಯಾರಾದರೂ ಚಳಿಗಾಲದಲ್ಲಿ ಅಲ್ಲಿಗೆ ಹೋಗುವುದಿದ್ದರೆ ಕಂಬಳಿ ಹೊರುವ ಕಷ್ಟ ಬೇಡ. ಊಟಕ್ಕೆ ಎಲ್ಲೆಲ್ಲೂ ಅನ್ನವೇ. "ಮುದ್ದೆ ಇಲ್ದೆ ಹೊಟ್ಟೆ ಖಾಲಿ ಖಾಲಿ ಅನ್ನಿಸ್ತದಮ್ಮಾ" ಎಂದು ಅತ್ತೆ ಮೂರು ಹೊತ್ತೂ ರಾಗ ಎಳೆದರು.

ಮೊದಲ ದಿನ ದೋಣಿ ಹತ್ತಿ ಡಾಲ್ಫಿನ್ ನೋಡಲು ಹೋದೆವು. ತಲೆಗೆ ನೂರು ರೂಪಾಯಿ. ದೋಣಿ ಅಲೆಯ ಮೇಲೆ ಏರಿ ದೊಪ್ಪೆಂದು ಬಿದ್ದಾಗಲೆಲ್ಲ ಅತ್ತೆ "ಏಡುಕೊಂಡಲವಾಡಾ" ಎಂದು ತಿರುಪತಿ ತಿಮ್ಮಪ್ಪನನ್ನು ಕೂಗಿದರು. ಡಾಲ್ಫಿನ್ ಕಂಡಿತಂತೆ. ನಾನು ಕಣ್ಣು ಮುಚ್ಚಿದ್ದೆ. ಕಾವ್ಯ ಮಾತ್ರ ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು, "ಅಮ್ಮಾ, ನೀರು ಬೆಚ್ಚಗಿದೆ ಕಣಮ್ಮಾ!" ಎಂದು ಕುಣಿದಳು. ಅವಳಿಗೆ ನನ್ನ ಭಯ ಅಂಟಿಲ್ಲವೆಂದು ಅವತ್ತು ನನಗೆ ಒಳಗೊಳಗೇ ಸಂತೋಷವಾಯಿತು.

ಎರಡನೆಯ ದಿನ ಈಜು. ಊರಾಚೆಯ ಕೆಂಪು ಕಲ್ಲಿನ ಗುಡ್ಡ ಹತ್ತಿ ಇಳಿದರೆ ಒಂದು ಕಡಲ ತೀರ. ಜನ ಕಡಿಮೆ. ಇವರು ದಂಡೆಯುದ್ದಕ್ಕೂ ಓಡಾಡಿ, ಎರಡೂ ಪಕ್ಕ ಬಿಳಿ ನೊರೆಯ ಅಲೆ ಒಡೆಯುತ್ತಿದ್ದರೂ ನಡುವೆ ಅಲೆಯೇ ಇಲ್ಲದ ಒಂದು ಜಾಗ ಹುಡುಕಿದರು. "ನೋಡು, ನಮ್ ಬಾವಿ ನೀರಿದ್ದಂಗೇ ಇದೆ, ಅಲ್ಲಾಡ್ತಾನೇ ಇಲ್ಲ. ಇಲ್ಲೇ ಇಳಿಯಣ" ಎಂದರು. ನನಗೂ ಅದೇ ಸರಿ ಅನ್ನಿಸಿತು.

ನಾನು ಹಗ್ಗ ತೆಗೆದೆ. ಕಾವ್ಯಳ ಕಂಕುಳಲ್ಲಿ ಗಾಳಿ ತುಂಬಿದ ಟ್ಯೂಬ್ ಇತ್ತು. ಸಾಲದೆಂದು ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ನನ್ನ ಕೈಗೆ ಸುತ್ತಿಕೊಂಡೆ. "ನೀಕೇಮೈನಾ ಪಿಚ್ಚಾ? ಹುಚ್ಚೇನಮ್ಮಾ ನಿಂಗೆ? ಹಸು ಕಟ್ಟಿದಂಗೆ ಕಟ್ತೀಯಲ್ಲಮ್ಮಾ, ನೋಡಿದೋರು ನಗ್ತಾರೆ" ಎಂದು ಅತ್ತೆ ಗದರಿದರು.

"ನೀವೂ ಹಗ್ಗ ಹಿಡ್ಕೊಳ್ರೀ" ಎಂದೆ ಇವರಿಗೆ.

"ಹಗ್ಗ ಹಿಡಿಯೋದು ಕಲಿಯೋರು ಕಣೇ" ಎಂದು ನೀರಿಗೆ ಬಿದ್ದರು.

ಸ್ವಲ್ಪ ಹೊತ್ತು ಚೆನ್ನಾಗಿಯೇ ಇತ್ತು. ಮಗಳು ಕಾಲು ಬಡಿಯುತ್ತ ಕಿಲಕಿಲ ನಗುತ್ತಿದ್ದಳು. ಆಮೇಲೆ ಹಗ್ಗ ನನ್ನ ಕೈಯಿಂದ ತಾನಾಗಿ ಜಾರತೊಡಗಿತು. ಆಡುತ್ತ ಮುಂದೆ ಹೋಗುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಇವರು ದಡದ ಕಡೆ ಮುಖ ಮಾಡಿ ಕೈ ಬೀಸುತ್ತಿದ್ದರೂ ದೂರವೇ ಹೋಗುತ್ತಿದ್ದರು. ಒಂದು ಕೈಯಲ್ಲಿ ಟ್ಯೂಬ್ ತಳ್ಳುತ್ತ ನೆಟ್ಟಗೆ ನನ್ನ ಕಡೆಗೇ ಈಜುತ್ತಿದ್ದರು. ಅಷ್ಟು ಈಜಿದರೂ ಅವರ ತಲೆ ಚಿಕ್ಕದಾಗುತ್ತಲೇ ಇತ್ತು. ಅಲೆಯಿಲ್ಲದ ಆ ನೀರು ಒಳಗೊಳಗೇ ಕಡಲಿನತ್ತ ಹರಿಯುತ್ತಿತ್ತು.

ಹಗ್ಗ ಬಿಗಿಯಿತು. ಎಳೆದೆ. ಕಾವ್ಯಳ ಮುಖ ನೀರಿನೊಳಗೆ ಹೋಯಿತು. ನಾಗರತ್ನಳ ಒದ್ದೆ ಲಂಗ ಕಣ್ಣ ಮುಂದೆ ಬಂತು. ಎಳೆಯಬಾರದು ಎಂಬ ಅಪ್ಪನ ಮಾತು ಆ ಗಳಿಗೆಯಲ್ಲಿ ನೆನಪಾಯಿತು ಎಂದು ಹೇಳಲಾರೆ. ಕಾಲು ತಾನಾಗಿ ನಡೆಯಿತು. ಕಟ್ಟೆಯ ಮೇಲೆ ಅಪ್ಪ ನಡೆದ ಹಾಗೆ, ಹಗ್ಗ ಸಡಿಲ ಬಿಟ್ಟು, ಅದು ವಾಲಿದ ಕಡೆಗೆ ದಂಡೆಗುಂಟ ನಡೆದೆ. ಸೀರೆ ಕಾಲಿಗೆ ಸುತ್ತಿಕೊಂಡು ಬಿದ್ದೆ, ಎದ್ದೆ. ಮೊಣಕಾಲಿನ ತನಕ ನೀರಿನಲ್ಲಿದ್ದೇನೆ ಎಂಬುದೂ ತಿಳಿಯಲಿಲ್ಲ. ಅತ್ತೆ ಹಿಂದಿನಿಂದ ನನ್ನ ಸೊಂಟ ಹಿಡಿದು, "ಬಿಡಬೇಡಮ್ಮಾ, ಬಿಡಬೇಡ" ಎಂದು ಅಳುತ್ತಿದ್ದರು.

ಇವರ ಕೈ ಟ್ಯೂಬಿನಿಂದ ಜಾರಿದ್ದನ್ನು ಕಂಡೆ. ತಲೆ ಒಮ್ಮೆ ಮುಳುಗಿತು. "ಅಪ್ಪಾ, ಹಗ್ಗ ಹಿಡ್ಕೋ! ಅಪ್ಪಾ!" ಎಂದು ಕಾವ್ಯ ಚೀರಿದಳು. ಇವರು ಹಿಡಿದರು.

ನಾನು ನಡೆಯುತ್ತಲೇ ಇದ್ದೆ. ಅಲೆ ಒಡೆಯುವ ಜಾಗಕ್ಕೆ ಬಂದಾಗ ಹಗ್ಗ ಇದ್ದಕ್ಕಿದ್ದಂತೆ ಹಗುರಾಯಿತು. ನಾವು ಬೇಡವೆಂದು ಬಿಟ್ಟಿದ್ದ ನೊರೆಯ ಅಲೆಗಳೇ ಒಂದರ ಹಿಂದೊಂದು ಬಂದು ಇಬ್ಬರನ್ನೂ ದಡಕ್ಕೆ ತಳ್ಳಿದವು. ಇವರು ಮರಳ ಮೇಲೆ ಬೋರಲು ಬಿದ್ದು ಉಪ್ಪುನೀರು ಕಾರಿಕೊಂಡರು. ಕಾವ್ಯಳನ್ನು ಅಪ್ಪಿಕೊಂಡೆ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ನೆತ್ತಿ ಸುಡುವ ಬಿಸಿಲಿನಲ್ಲಿ ನಾವು ನಾಲ್ವರೂ ನಡುಗುತ್ತಿದ್ದೆವು.

ಇವರು ಎದ್ದು ಕೂತು, ಕಡಲನ್ನೇ ನೋಡುತ್ತ ಹೇಳಿದರು. "ಬಾವೀಲಿ ಯಾವ ಕಡೆ ಈಜಿದ್ರೂ ಗೋಡೆ ಸಿಗ್ತದೆ ಕಣೇ. ಇಲ್ಲಿ ಗೋಡೇನೇ ಇಲ್ಲ." ಅಷ್ಟು ಹೇಳಿ ಅಳತೊಡಗಿದರು. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನೋಡಿ ನನಗೆ ಇನ್ನಷ್ಟು ಭಯವಾಯಿತು.

ಅಂದು ಮತ್ತೆಲ್ಲಿಗೂ ಹೋಗಲಿಲ್ಲ. ಕಾವ್ಯ ಸ್ನಾನಕ್ಕೂ ಒಪ್ಪಲಿಲ್ಲ. ಬಕೆಟ್ಟಿಗೆ ನೀರು ಬೀಳುವ ಸದ್ದಿಗೆ ಬೆಚ್ಚುತ್ತಿದ್ದಳು. ರಾತ್ರಿ ಇವರಿಗೆ ನಮ್ಮಪ್ಪನ ಹಗ್ಗದ ಮಾತು ಹೇಳಿದೆ.

ಕೊನೆಯ ದಿನ, ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ದೇವಸ್ಥಾನ ಮುಗಿಸಿ ಪಕ್ಕದ ದಂಡೆಗೆ ಬಂದೆವು. ಅಲ್ಲಿ ಜಾತ್ರೆಯಷ್ಟು ಜನ, ಮಕ್ಕಳೆಲ್ಲ ಪಾದದಷ್ಟು ನೀರಿನಲ್ಲಿ ಆಡುತ್ತಿದ್ದರು. ಕಾವ್ಯ ಮಾತ್ರ ದೂರದ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ನಾಗರತ್ನ ಹೋದ ಮೇಲೆ ನಾನು ನಮ್ಮ ಮನೆಯ ಗೋಡೆಗೆ ಹಾಗೇ ನಿಲ್ಲುತ್ತಿದ್ದೆ. ನಿಂತವಳು ಮೂವತ್ತು ವರ್ಷವಾದರೂ ಅಲ್ಲಿಂದ ಕದಲಿರಲಿಲ್ಲ. ಈ ಮಗುವೂ ಹೀಗೇ ಉಳಿದುಬಿಟ್ಟರೆ ಎಂಬ ಭಯ ನೀರಿನ ಭಯಕ್ಕಿಂತ ದೊಡ್ಡದಾಗಿ ಬಂತು.

ಬ್ಯಾಗಿನಿಂದ ಹಗ್ಗ ತೆಗೆದು ಇವರ ಮುಂದೆ ಹಿಡಿದೆ. "ನನ್ ಸೊಂಟಕ್ಕೆ ಕಟ್ರೀ" ಎಂದೆ.

"ನಿಂಗಾ?" ಎಂದರು. ಮುಖ ನೋಡಿದರು. ನಗಲಿಲ್ಲ. ಎರಡೆರಡು ಗಂಟು ಹಾಕಿ, ಜಗ್ಗಿ ನೋಡಿ, ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡರು. "ಎಳೆಯಲ್ಲ. ಜತೇಲೇ ಬರ್ತೀನಿ" ಎಂದರು.

ಪಾದಕ್ಕೆ ನೀರು ತಗಲಿತು. ಮಗಳು ಹೇಳಿದ್ದು ನಿಜ, ಬೆಚ್ಚಗಿತ್ತು. ಕಾಲಡಿಯ ಮರಳು ಸರಿದಾಗ ವಾಪಸ್ ಓಡಬೇಕೆನ್ನಿಸಿತು. ಇನ್ನೊಂದು ಹೆಜ್ಜೆ ಇಟ್ಟೆ. ಮೊಣಕಾಲಿನ ತನಕ ಬಂದಾಗ ಬಗ್ಗಿ ಕೈ ಅದ್ದಿದೆ. ಹಗ್ಗ ಉಜ್ಜಿ ಸುಲಿದಿದ್ದ ಅಂಗೈ ಉಪ್ಪಿಗೆ ಚುರುಗುಟ್ಟಿ ಕಣ್ಣಲ್ಲಿ ನೀರು ಬಂತು.

ಹಿಂದಿರುಗಿ ನೋಡಿದೆ. ಇವರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತ ಹಗ್ಗ ಹಿಡಿದಿದ್ದರು. ಅವರ ಹಿಂದೆ, ಗೋಡೆ ಬಿಟ್ಟು ಬಂದು, ಹಗ್ಗದ ಬಾಲವನ್ನು ಎರಡೂ ಕೈಯಲ್ಲಿ ಹಿಡಿದು ಕಾವ್ಯ ನಿಂತಿದ್ದಳು. ನೀರು ಅವಳ ಪಾದದವರೆಗೆ ಬಂದಿತ್ತು.