ಗ್ವಾಟೆಮಾಲಾಕ್ಕೆ ಹೋದ ರೊಟ್ಟಿ

ಹೋದ ವಾರ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಮೇಡಮ್ಮೊಬ್ಬರು ಊಟದ ಡಬ್ಬಿ ತೆರೆದರು. ಅಗಸಿ ಹಿಂಡಿಯ ವಾಸನೆ... ಹುರಿದ ಅಗಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೂಡಿಸಿ ಕುಟ್ಟಿದ ಆ ಪುಡಿ ಹುಮನಾಬಾದಿನಲ್ಲಿ ಯಾರಿಗೆ ಹೊಸದು? ಕಡಕ್ ರೊಟ್ಟಿಯ ಮೇಲೆ ಒಂದು ಚಮಚ ಹಾಕಿ ನನ್ನತ್ತ ಚಾಚಿದರು. ಹೊಟ್ಟೆ ತುಂಬಿದೆ ಎಂದು ಸುಳ್ಳು ಹೇಳಿ ಎದ್ದುಹೋದೆ. ನಲ್ಲಿಯ ಹತ್ತಿರ ಸುಮ್ಮನೆ ಕೈ ತೊಳೆಯುತ್ತ ನಿಂತೆ.

ನನ್ನ ತವರು ಬಸವಕಲ್ಯಾಣ. ಹುಮನಾಬಾದಿನ ಶಾಲೆಗೆ ಬಂದ ಹೊಸದರಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ಪಕ್ಕದ ಮನೆಯ ಅಜ್ಜಿಯೇ ಆಯಿ. ಮುಡಬಿ ಕಡೆಯವಳು, ಓಣಿಗೆಲ್ಲ ಆಯಿ, ನನಗೂ ಆಯಿ. ರೊಟ್ಟಿ ಬಡಿದು ಅಂಗಡಿಗಳಿಗೆ, ಮದುವೆ ಮನೆಗಳಿಗೆ ಕೊಡುವುದು ಆಕೆಯ ಕೆಲಸ. ಸೊಸೆ ಹಿಟ್ಟು ನಾದಿ ಕೊಟ್ಟರೆ ಈಕೆ ಬಡಿಯುವಳು. ಆ ಅಂಗೈ ಸಪ್ಪಳಕ್ಕೇ ನನಗೆ ದಿನಾ ಎಚ್ಚರವಾಗುತ್ತಿತ್ತು. ನಾನು ಆಕೆಯ ಮೊಮ್ಮಗಳ ವಯಸ್ಸಿನವಳು, ಆದರೂ ಒಂದು ದಿನವೂ ‘ಅಕ್ಕೋರೆ’ ಬಿಟ್ಟು ಬೇರೆ ಕರೆಯಲಿಲ್ಲ. ಓದು ಬಾರದ ಆ ಜೀವಕ್ಕೆ ಕಲಿಸುವವರೆಂದರೆ ಅಷ್ಟು ಗೌರವ.

ಏಳೆಂಟು ವರ್ಷದ ಹಿಂದೆ ಶಿಕ್ಷಕರ ಸಮ್ಮೇಳನವೊಂದಕ್ಕೆ ನನ್ನನ್ನು ಕರೆದರು. ಮಧ್ಯ ಅಮೆರಿಕದಲ್ಲಿರುವ ಗ್ವಾಟೆಮಾಲಾ ದೇಶದ ರಾಜಧಾನಿಯಲ್ಲಿ. ವಿಮಾನದ ಟಿಕೆಟು, ಮಲಗಲು ಮಂಚ ಅವರದು. ಊಟ, ತಿರುಗಾಟ ನಮ್ಮದು. ಸಮ್ಮೇಳನ ಮುಗಿದ ಮೇಲೆ ನಾಲ್ಕು ದಿನ ಉಳಿದು ಊರು ನೋಡುವ ಆಸೆ ನನಗೆ. ಕೈ ಮಾತ್ರ ಬಿಗಿ. ಸುದ್ದಿ ಕೇಳಿದ ಆಯಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

“ಪರದೇಶದಾಗ ಏನ್ ತಿಂತೀರಿ ಅಕ್ಕೋರೆ? ನಿಮ್ಮ ಪಗಾರ ನನಗ ಗೊತ್ತಿಲ್ಲೇನು? ಕಡಕ್ ರೊಟ್ಟಿ ಮಾಡಿ ಕೊಡ್ತೀನಿ, ತಿಂಗಳ ಇಟ್ರೂ ಕೆಡಂಗಿಲ್ಲ.”

ಅಂಗಡಿಯಿಂದ ಖಾಲಿ ಬಿಸ್ಕೀಟಿನ ಡಬ್ಬಿಯೊಂದನ್ನು ಬೇಡಿ ತಂದಳು. ದೊಡ್ಡ ರೊಟ್ಟಿ ಅದರಲ್ಲಿ ಹಿಡಿಯುವುದಿಲ್ಲ, ಮಡಿಚಿದರೆ ಮುರಿಯುತ್ತವೆ. ಅದಕ್ಕೇ ಅಂಗೈಯಗಲದವು ಮಾಡಿದಳು. ಅಂಥ ಸಣ್ಣ ರೊಟ್ಟಿ ಆಕೆ ಜನ್ಮದಲ್ಲಿ ಬಡಿದಿರಲಿಲ್ಲ. ಕೈಗೆ ಅಳತೆ ಸಿಗದೆ ನಗುತ್ತಿದ್ದಳು. ಎರಡು ದಿನ ಅಂಗಡಿಯವರನ್ನು ಕಾಯಿಸಿ ಡಬ್ಬಿ ತುಂಬಿಸಿದಳು. ಮೇಲೆ ಅಗಸಿ ಹಿಂಡಿಯ ಪೊಟ್ಟಣ.

ಅಲ್ಲಿ ನಮ್ಮದು ಮೂವರ ಕೋಣೆ. ಉಳಿದಿಬ್ಬರು ನಮ್ಮ ದೇಶದ್ದೇ ದೊಡ್ಡ ಊರುಗಳ ಶಿಕ್ಷಕಿಯರು. ಮೊದಲ ದಿನ ಡಬ್ಬಿ ತೆರೆದು ಒಂದು ರೊಟ್ಟಿ ಮುರಿದೆ. ಕಟ್ ಎಂದಿತು, ಪುಡಿ ಹಾಸಿಗೆಯ ಮೇಲೆಲ್ಲ. ಹಿಂಡಿಯ ಘಾಟಿಗೆ ಒಬ್ಬಳು ಕಿಟಕಿ ತೆರೆದಳು, ಇನ್ನೊಬ್ಬಳು ಇಡೀ ಅಡಿಗೆಮನೆ ಹೊತ್ತು ತಂದೆಯಾ ಎಂದು ನಕ್ಕಳು. ಅಷ್ಟೇ. ಕೆಟ್ಟ ಮನಸ್ಸಿನ ನಗುವೂ ಅಲ್ಲ ಅದು. ಆದರೆ ನನ್ನ ಮುಖ ಕೆಂಪೇರಿತು. ಮರುದಿನ ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ಡಬ್ಬಿ ಒಯ್ದು ಹಿತ್ತಲಿನ ಕಸದ ಡ್ರಮ್ಮಿಗೆ ಬೋರಲು ಹಾಕಿ, ಖಾಲಿ ಡಬ್ಬಿ ಮಾತ್ರ ವಾಪಸು ತಂದೆ. ರೊಟ್ಟಿ ಬಿದ್ದ ಸದ್ದು... ಅದನ್ನು ಬರೆಯಲು ನನ್ನಿಂದಾಗದು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ನನ್ನ ಪ್ರವಾಸ ಹಾಗಾಯಿತು. ಬಸ್ಸಿನ ದುಡ್ಡು ಉಳಿಸಲು ಊರೆಲ್ಲ ನಡೆದೆ. ಅರಮನೆಯ ಮುಂದಿನ ದೊಡ್ಡ ಚೌಕದಲ್ಲಿ ಪಾರಿವಾಳ ನೋಡುತ್ತ ಕೂತರೆ ಯಾರೂ ದುಡ್ಡು ಕೇಳುವುದಿಲ್ಲ. ಪಕ್ಕದ ದೊಡ್ಡ ಚರ್ಚಿನ ಕಂಬಗಳ ಮೇಲೆ ಅಂತರ್ಯುದ್ಧದಲ್ಲಿ ಸತ್ತವರ, ಕಾಣೆಯಾದವರ ಹೆಸರು ಕೆತ್ತಿದ್ದಾರೆ. ಒಬ್ಬ ಮುದುಕ ಒಂದೇ ಹೆಸರಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತಿದ್ದ. ಇಡೀ ದೇಶವನ್ನು ಬೆಟ್ಟ ಹೊಳೆಗಳ ಸಮೇತ ಸಿಮೆಂಟಿನಲ್ಲಿ ಕಟ್ಟಿದ ನಕ್ಷೆಯೊಂದಿದೆ ಅಲ್ಲಿ. ಅದರ ಟಿಕೆಟಿಗೆ ಒಂದು ಹೊತ್ತಿನ ಊಟ ಬಿಟ್ಟೆ. ಹಸಿವಿನಿಂದ ತಲೆ ತಿರುಗುವಾಗ ಗಲ್ಲಿಯೊಂದರಿಂದ ಟಪ್ ಟಪ್ ಸಪ್ಪಳ. ಒಬ್ಬ ಮುದುಕಿ ಮೆಕ್ಕೆಜೋಳದ ಹಿಟ್ಟನ್ನು ಎರಡು ಅಂಗೈ ನಡುವೆ ಬಡಿದು ಸಣ್ಣ ರೊಟ್ಟಿ ಮಾಡುತ್ತಿದ್ದಳು. ಉಳಿದ ದಿನಗಳೆಲ್ಲ ಅವಳ ರೊಟ್ಟಿ, ಉಪ್ಪು. ಅವಳೆದುರು ಬೀದಿಯಲ್ಲಿ ನಿಂತು ತಿನ್ನಲು ನನಗೇನೂ ನಾಚಿಕೆಯಾಗಲಿಲ್ಲ ನೋಡಿ.

ನಮ್ಮ ಕಡೆ ಪಾತ್ರೆ ಖಾಲಿ ಮರಳಿಸುವುದಿಲ್ಲ. ಊರಿಗೆ ಬಂದವಳು ಡಬ್ಬಿಗೆ ಅಲ್ಲಿಯ ಚಾಕೊಲೇಟು ತುಂಬಿ ಆಯಿಗೆ ಕೊಟ್ಟೆ. ನಿನ್ನ ರೊಟ್ಟಿಯಿಂದಲೇ ಬದುಕಿದೆ ಆಯಿ ಎಂದೆ. ಆಕೆ ಮನೆಮನೆಗೆ ಚಾಕೊಲೇಟು ಹಂಚಿದಳು, ತನ್ನ ರೊಟ್ಟಿ ಸಮುದ್ರ ದಾಟಿದ ಕಥೆಯ ಸಮೇತ.

ಅಲ್ಲಿಗೇ ಸುಮ್ಮನಿರಬಾರದಿತ್ತೇ? ಜಿಲ್ಲೆಯ ಪತ್ರಿಕೆಗೆ ‘ಕಡಿಮೆ ದುಡ್ಡಿನಲ್ಲಿ ಗ್ವಾಟೆಮಾಲಾ’ ಎಂದು ಲೇಖನ ಬರೆದೆ. ಆ ಗಲ್ಲಿಯ ಮುದುಕಿಯನ್ನು ಹೊಗಳಿದ್ದೇ ಹೊಗಳಿದ್ದು. ಅವಳ ಕೈ, ಅವಳ ಸಪ್ಪಳ, ಅವಳ ರೊಟ್ಟಿ ಬಿಟ್ಟರೆ ನನಗೆ ಬೇರೆ ಅನ್ನವೇ ಇರಲಿಲ್ಲ ಎಂದೂ ಬರೆದೆ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಅಚ್ಚು ಹಾಕಿಸಿದಂತಾಯಿತು. ಆಯಿ ಪತ್ರಿಕೆ ಹಿಡಿದು ಎದುರು ಮನೆಯವಳ ಹತ್ತಿರ ಓದಿಸಲು ಕೂತಳಂತೆ, ತನ್ನ ರೊಟ್ಟಿ ಎಲ್ಲಿ ಬರುತ್ತದೆಂದು.

ಆ ದಿನ ಸಂಜೆ ನನ್ನನ್ನು ಕಂಡು ಆಯಿ ಇಷ್ಟೇ ಹೇಳಿದಳು: “ಆ ಮುದಕಿ ಛಲೋ ಮಾಡ್ತಾಳಂತಲ್ರೀ ರೊಟ್ಟಿ.” ಚುಚ್ಚುವ ದನಿಯಲ್ಲ. ನಿಜವಾಗಿಯೂ ಕೇಳಿದಳು. ನಾನು ಬೀಗದ ಕೈ ಹುಡುಕುವ ನಾಟಕ ಮಾಡಿ ಒಳಗೆ ಹೋಗಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಹೊರಗೆ ಎದುರು ಮನೆಯವಳ ದನಿ. ನಿನ್ನ ರೊಟ್ಟಿ ಎಲ್ಲಿ ಹೋದವು ಆಯಿ, ಪೇಪರಿನಲ್ಲಿ ಹೆಸರೇ ಇಲ್ಲವಲ್ಲ ಎಂದು ಕಾಡಿಸುತ್ತಿದ್ದಳು. ನಾನು ಕದದ ಹಿಂದೆ ನಿಂತು ಕೇಳಿಸಿಕೊಂಡೆ.

“ವಿಮಾನ ಇಳಿಯೂದ್ರಾಗ ಅಲ್ಲಿ ಪೊಲೀಸರು ಕಸಗೊಂಡ್ರಂತ,” ಅಂದಳು ಆಯಿ. “ಅಕ್ಕೋರು ನನ್ನ ಮುಂದ ಹೇಳ್ಯಾರ. ಈ ಮುದಕಿಗಿ ಬ್ಯಾಸರ ಆಗ್ತದಂತ ಮೊದಲ ಹೇಳಿರಲಿಲ್ಲ. ಭಾಳ ಅತ್ರು ಪಾಪ.”

ನಾನು ಹೇಳಿರಲಿಲ್ಲ. ಅತ್ತೂ ಇರಲಿಲ್ಲ. ಕದ ತೆರೆದು ಹೊರಗೆ ಬರಲು ಎರಡು ಹೆಜ್ಜೆ ಸಾಕಿತ್ತು... ಬರಲಿಲ್ಲ. ಮರುದಿನ ಎಂದಿನಂತೆ ಬಿಸಿ ರೊಟ್ಟಿ ತಂದು ಕೊಟ್ಟಳು. ಆಯಿ, ಅದು ಏನಾಯಿತೆಂದರೆ ಎಂದು ಬಾಯಿ ತೆರೆದೆ. ಆರುತ್ತದೆ, ಮೊದಲು ತಿನ್ನಿ ಎಂದು ಹೊರಟುಹೋದಳು. ಆಮೇಲೆ ಐದು ವರ್ಷ ಪಕ್ಕದಲ್ಲೇ ಇದ್ದೆ. ದಿನಾ ಹೇಳಬಹುದಿತ್ತು.

ಆಯಿ ಹೋಗಿ ಈಗ ಎರಡು ವರ್ಷ. ಆಗ ಮನೆಯವರನ್ನು ಮಾತಾಡಿಸಲು ಹೋದಾಗ ಸೊಸೆ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: “ನಿಮ್ಮ ರೊಟ್ಟಿ ಪೊಲೀಸರು ಕಸಗೊಂಡಿದ್ರಂತಲ್ರೀ ಅಕ್ಕೋರೆ? ಅತ್ತಿ ಕಡೀತನಕ ಹೇಳ್ತಿದ್ದಳು.”

ತುಂಬಿದ ಮನೆ, ಮೂಲೆಯಲ್ಲಿ ದೀಪ. ನಾನು ಶಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡುವವಳು. ಹೌದು ಎಂದೆ.

ಯಾರೂ ಕಸಿದುಕೊಳ್ಳಲಿಲ್ಲ. ನಾನೇ ಚೆಲ್ಲಿದೆ ಆಯಿ.